ಜಾಜ್ ಕಾಲೇಜಿಗೆ ಬಂದಿದ್ದು ಇಷ್ಟು ತಡ ಯಾಕೆ?

ಟೆಕ್ಸಾಸ್‌ನ ಡೆಂಟನ್ ಅನ್ನೋ ಊರಲ್ಲಿ ಮೇಷ್ಟ್ರುಗಳನ್ನ ತಯಾರು ಮಾಡೋ ಒಂದು ಕಾಲೇಜಿತ್ತು, ಈಗಿನ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸ್. ಜಾಜ್ ಅಂದ್ರೆ ಅಮೆರಿಕದ ಕಪ್ಪು ಜನ ಹುಟ್ಟಿಸಿದ ಸಂಗೀತ. ಅಮೆರಿಕದಲ್ಲಿ ಮೊದಲ ಸಲ ಜಾಜ್‌ಗೆ ಅಂತಾನೇ ಡಿಗ್ರಿ ಶುರುವಾಗಿದ್ದು ಅಲ್ಲಿ, 1947ರಲ್ಲಿ. ಆದ್ರೆ ಕೋರ್ಸಿಗೆ ಜಾಜ್ ಅಂತ ಹೆಸರಿಡೋಕೆ ಧೈರ್ಯ ಸಾಲ್ಲಿಲ್ಲ, ಡಾನ್ಸ್ ಬ್ಯಾಂಡ್ ಅಂತ ಇಟ್ರು. ಅಷ್ಟೊತ್ತಿಗೆ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ತಮ್ಮ ಹಾಟ್ ಫೈವ್ ತಂಡದ ಜೊತೆ ರೆಕಾರ್ಡ್ ಮಾಡಿ 20 ವರ್ಷದ ಮೇಲಾಗಿತ್ತು, ಪಿಯಾನೊ ವಾದಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ 1943ರಲ್ಲೇ ನ್ಯೂಯಾರ್ಕಿನ ದೊಡ್ಡ ಸಂಗೀತ ಸಭಾಂಗಣ ಕಾರ್ನೆಗೀ ಹಾಲಲ್ಲಿ ಕಛೇರಿ ಕೊಟ್ಟಿದ್ರು. ಜಗತ್ತೆಲ್ಲ ಕೇಳ್ತಿದ್ದ ಸಂಗೀತಕ್ಕೆ ಅದು ಹುಟ್ಟಿದ ದೇಶದ ಮ್ಯೂಸಿಕ್ ಕಾಲೇಜಲ್ಲಿ ಮಾತ್ರ ಜಾಗ ಇರ್ಲಿಲ್ಲ, ಎಷ್ಟೋ ಕಡೆ ಪ್ರಾಕ್ಟೀಸ್ ರೂಮಲ್ಲಿ ಜಾಜ್ ನುಡಿಸೋದಕ್ಕೂ ನಿಷೇಧ ಇತ್ತು.

ಇನ್ನೊಂದು ವಿಷ್ಯ ಇದೆ, ಇದನ್ನ ಹೇಳ್ದೆ ಮುಂದೆ ಹೋಗೋಕಾಗಲ್ಲ. ಡೆಂಟನ್‌ನ ಆ ಕಾಲೇಜಿಗೆ ಆಗ ಕಪ್ಪು ವಿದ್ಯಾರ್ಥಿಗಳನ್ನ ಸೇರಿಸ್ಕೊಳ್ತಾನೇ ಇರ್ಲಿಲ್ಲ, ಅವ್ರಿಗೆ ಬಾಗಿಲು ತೆರೆದಿದ್ದು 1950ರ ದಶಕದ ಮಧ್ಯದಲ್ಲಿ. ಅಂದ್ರೆ ಯಾರು ಈ ಸಂಗೀತ ಹುಟ್ಟಿಸಿದ್ರೋ ಅವ್ರ ಮಕ್ಳಿಗೇ ಅದರ ಮೊದಲ ಡಿಗ್ರಿ ಓದೋ ಹಕ್ಕಿರ್ಲಿಲ್ಲ.

ಇದೆಲ್ಲ ಬೇರೆ ಥರ ಆಗಬಹುದಿತ್ತು, ಯಾಕಂದ್ರೆ ಶುರು ಚೆನ್ನಾಗೇ ಆಗಿತ್ತು. 1885ರಲ್ಲಿ ಜೆನೆಟ್ ಥರ್ಬರ್ ಅನ್ನೋ ಹೆಣ್ಮಗಳು ನ್ಯೂಯಾರ್ಕಲ್ಲಿ ನ್ಯಾಷನಲ್ ಕನ್ಸರ್ವೇಟರಿ ಕಟ್ಟಿದ್ರು, ಹೆಂಗಸರನ್ನೂ ಕಪ್ಪು ವಿದ್ಯಾರ್ಥಿಗಳನ್ನೂ ಸೇರಿಸ್ಕೊಂಡ ಶಾಲೆ ಅದು. 1892ರಲ್ಲಿ ಅದರ ಮುಖ್ಯಸ್ಥರಾಗಿ ಬಂದಿದ್ದು ಬೊಹೆಮಿಯಾದ, ಅಂದ್ರೆ ಈಗಿನ ಚೆಕ್ ನಾಡಿನ, ಸಂಯೋಜಕ ಆಂಟೊನಿನ್ ಡ್ವೊರ್ಜಾಕ್. ಹ್ಯಾರಿ ಬರ್ಲಿ ಅನ್ನೋ ಕಪ್ಪು ವಿದ್ಯಾರ್ಥಿ ಅವ್ರ ಮನೆಗೆ ಹೋಗಿ ಗುಲಾಮಗಿರಿ ಕಾಲದ ಸ್ಪಿರಿಚುವಲ್ ಅನ್ನೋ ಭಕ್ತಿ ಹಾಡುಗಳನ್ನ ಹಾಡಿ ತೋರಿಸ್ತಿದ್ರು. ಅದನ್ನೆಲ್ಲ ಕೇಳಿದ ಡ್ವೊರ್ಜಾಕ್ 1893ರಲ್ಲಿ ಪತ್ರಿಕೆಗೆ ನೇರವಾಗೇ ಹೇಳಿದ್ರು, ಅಮೆರಿಕದ ಮುಂದಿನ ಸಂಗೀತ ಕಪ್ಪು ಜನರ ಹಾಡುಗಳ ಮೇಲೇ ನಿಲ್ಲಬೇಕು ಅಂತ. ಆ ಶಾಲೆಯಲ್ಲಿ ಓದಿದವ್ರಲ್ಲಿ ಇಬ್ಬರನ್ನ ನೆನಪಿಟ್ಕೊಳ್ಳಿ. ಒಬ್ರು ವಿಲ್ ಮೇರಿಯನ್ ಕುಕ್, ಮುಂದೆ ಎಳೇ ವಯಸ್ಸಿನ ಡ್ಯೂಕ್ ಎಲಿಂಗ್ಟನ್‌ಗೆ ಪಾಠ ಹೇಳಿದವ್ರು. ಇನ್ನೊಬ್ರು ರೂಬಿನ್ ಗೋಲ್ಡ್‌ಮಾರ್ಕ್, ಇವ್ರ ಹತ್ರ ಅಮೆರಿಕನ್ ಕ್ಲಾಸಿಕಲ್ ಸಂಯೋಜಕ ಏರನ್ ಕೋಪ್ಲಂಡ್ ಕಲಿತ್ರು, ಸ್ವಲ್ಪ ದಿನ ಇನ್ನೊಬ್ಬ ಬಿಳಿಯ ಸಂಯೋಜಕ ಜಾರ್ಜ್ ಗರ್ಶ್ವಿನ್ ಕೂಡ. ಜಾಜ್ ಬೇರೆ, ಅಮೆರಿಕನ್ ಕ್ಲಾಸಿಕಲ್ ಬೇರೆ ಅಂತ ಎರಡು ಡಿಪಾರ್ಟ್‌ಮೆಂಟ್ ಮಾಡಿ ಎರಡು ಸಿಲಬಸ್ ಕೊಡೋ ಕಾಲೇಜುಗಳು ಮೊದಲ್ನೇ ದಿನ ಹೇಳ್ಬೇಕಾದ ಪಾಠ ಇದು ಅಂತ ನಂಗನ್ಸುತ್ತೆ, ಎರಡಕ್ಕೂ ಮೇಷ್ಟ್ರು ಒಂದೇ ಶಾಲೆಯವ್ರು.

ಆಮೇಲೆ ದಾರಿ ಕವಲೊಡೀತು. 1924ರ ಫೆಬ್ರವರಿ 12ಕ್ಕೆ ನ್ಯೂಯಾರ್ಕ್‌ನ ಈಯೋಲಿಯನ್ ಹಾಲಲ್ಲಿ ಪಾಲ್ ವೈಟ್‌ಮನ್ ಬ್ಯಾಂಡು ಗರ್ಶ್ವಿನ್‌ರ ರ್‍ಯಾಪ್ಸಡಿ ಇನ್ ಬ್ಲೂ ನುಡಿಸ್ತು. ಶುರುವಲ್ಲೇ ಕ್ಲಾರಿನೆಟ್ ಕೆಳಗಿಂದ ಮೇಲಕ್ಕೆ ಜಾರ್ಕೊಂಡು ಹೋಗುತ್ತಲ್ಲ, ಗರ್ಶ್ವಿನ್ ಬರೆದಿದ್ದು ಬಿಡಿಬಿಡಿ ಸ್ವರಗಳನ್ನ, ರಿಹರ್ಸಲ್‌ನಲ್ಲಿ ರಾಸ್ ಗಾರ್ಮನ್ ತಮಾಷೆಗೆ ಅದನ್ನ ಎಳೆದು ಜಾರಿಸಿದ್ರು, ಗರ್ಶ್ವಿನ್‌ಗೆ ಇಷ್ಟ ಆಗಿ ಹಾಗೇ ಇರ್ಲಿ ಅಂದ್ರು. ಕಾಗದದ ಮೇಲಿಲ್ಲದ ಆ ಜಾರು ಜಾಜ್ ವಾದಕರು ದಿನಾ ರಾತ್ರಿ ಮಾಡ್ತಿದ್ದಿದ್ದೇ. ಆ ಕೃತಿ ಬೇಗ್ನೇ ಕನ್ಸರ್ಟ್ ಹಾಲುಗಳಿಗೆ ಸೇರ್ಕೊಳ್ತು. ಇತ್ತ ಎಲಿಂಗ್ಟನ್ 1927ರಿಂದ ನ್ಯೂಯಾರ್ಕಿನ ಕಾಟನ್ ಕ್ಲಬ್ ಅನ್ನೋ ನೈಟ್ ಕ್ಲಬ್ಬಲ್ಲಿ ನುಡಿಸ್ತಿದ್ರು, ವೇದಿಕೆ ಮೇಲೆ ಕಪ್ಪು ಜನ, ಕೂತು ಕೇಳೋಕೆ ಬಿಳಿಯರು. ಬಾರಿನ ಸಂಗೀತ, ಕೆಟ್ಟ ಜಾಗದ ಸಂಗೀತ ಅಂತ ಜಾಜನ್ನ ದೂರ ಇಟ್ಟಿದ್ರು ಅಂತಾರೆ, ಆದ್ರೆ ಅದೇ ಧ್ವನಿ ಬಿಳಿಯ ಸಂಯೋಜಕರ ಕೈಯಿಂದ ಬಂದಾಗ ಹಾಲುಗಳ ಬಾಗಿಲು ತೆರೀತು, ಹಾಗಾಗಿ ಅಸಲಿ ಕಾರಣ ಜಾಗ ಅಲ್ಲ, ಚರ್ಮದ ಬಣ್ಣ ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ.

ಕಾಲೇಜುಗಳು ಮುಖ ತಿರುಗಿಸಿದ್ದಾಗ ಜಾಜ್ ಕಲಿಸಿದವ್ರು ಯಾರು ಹಾಗಾದ್ರೆ? ರಾತ್ರಿ ವಾದಕರೆಲ್ಲ ಸೇರಿ ಮನಸಿಗೆ ಬಂದಂತೆ ನುಡಿಸೋ ಜ್ಯಾಮ್ ಸೆಷನ್ನು, ರೆಕಾರ್ಡು ಕೇಳಿ ಕೇಳಿ ಅದೇ ಥರ ನುಡಿಸೋದು, ಇದೆಲ್ಲ ಎಲ್ರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರೋದು ಕಪ್ಪು ಬಡಾವಣೆಗಳ ಹೈಸ್ಕೂಲ್ ಬ್ಯಾಂಡ್ ಮೇಷ್ಟ್ರುಗಳ ವಿಷ್ಯ. ಶಿಕಾಗೋದ ಸೌತ್ ಸೈಡಲ್ಲಿ ವಾಲ್ಟರ್ ಡಯೆಟ್ ಅಂತ ಇದ್ರು, ಎಲ್ರೂ ಕ್ಯಾಪ್ಟನ್ ಡಯೆಟ್ ಅಂತಾನೇ ಕರೀತಿದ್ರು. ಮೊದ್ಲು ವೆಂಡೆಲ್ ಫಿಲಿಪ್ಸ್ ಹೈಸ್ಕೂಲು, 1935ರಿಂದ ಡ್ಯೂಸೇಬಲ್ ಹೈಸ್ಕೂಲು, ಒಟ್ಟು ಸುಮಾರು 30 ವರ್ಷ ಸರ್ಕಾರಿ ಶಾಲೆ ಮಕ್ಳಿಗೆ ಬ್ಯಾಂಡ್ ಕಲಿಸಿದ್ರು. ಮಿಲಿಟರಿ ಶಿಸ್ತು, ತುಂಬಾ ಕಟ್ಟುನಿಟ್ಟು. ಕ್ಲಾಸಿಕಲ್ ಕನ್ಸರ್ಟ್ ಬ್ಯಾಂಡೂ ಅವ್ರೇ, ಡಾನ್ಸ್ ಬ್ಯಾಂಡೂ ಅವ್ರೇ, ನೋಟೇಶನ್ ನೋಡಿ ತಪ್ಪಿಲ್ದೆ ಓದೋದೂ ಬರಬೇಕು, ಹೊತ್ತಿಗೆ ಸರಿಯಾಗಿ ಎದ್ದು ನಿಂತು ಸೋಲೋ ಹೊಡೆಯೋದೂ ಬರಬೇಕು. ಪ್ರತಿ ವರ್ಷ ಹೈ ಜಿಂಕ್ಸ್ ಅಂತ ದೊಡ್ಡ ಶೋ ಮಾಡ್ಸಿ ಅದ್ರಿಂದ ಬಂದ ದುಡ್ಡನ್ನ ಬ್ಯಾಂಡಿಗೇ ಹಾಕ್ತಿದ್ರು, ಮಕ್ಳಿಗೆ ಅದು ಹಾಡು, ಕುಣಿತ, ಆರ್ಕೆಸ್ಟ್ರಾ ಎಲ್ಲ ಸೇರಿದ ನಿಜವಾದ ಸ್ಟೇಜ್ ಅನುಭವ. ನ್ಯಾಟ್ ಕಿಂಗ್ ಕೋಲ್, ಡೈನಾ ವಾಷಿಂಗ್ಟನ್, ಜೀನ್ ಆಮನ್ಸ್, ಜಾನಿ ಗ್ರಿಫಿನ್, ವಾನ್ ಫ್ರೀಮನ್, ಮುಂದೆ ಹೆಸರು ಮಾಡಿದ ಈ ಗಾಯಕರು, ವಾದಕರೆಲ್ಲ ಅವ್ರ ಕೈಯಲ್ಲಿ ಪಳಗಿದವ್ರು. ಲಾಸ್ ಏಂಜಲಿಸ್‌ನ ಜೆಫರ್ಸನ್ ಹೈಸ್ಕೂಲಲ್ಲಿ ಸ್ಯಾಮ್ ಬ್ರೌನ್ ಇದೇ ಥರ ಸ್ಯಾಕ್ಸೊಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್‌ರನ್ನ ತಯಾರು ಮಾಡಿದ್ರು. ಜಾಜ್ ಶಿಕ್ಷಣದ ಚರಿತ್ರೆ ಬರೆಯೋರು ಡೆಂಟನ್ 1947 ಅಂತ ಶುರು ಮಾಡಿದಾಗ ನಂಗೆ ಬೇಜಾರಾಗೋದು ಇದಕ್ಕೇ, ಡಿಗ್ರಿ ಕೊಟ್ಟಿಲ್ಲ ಅನ್ನೋ ಒಂದೇ ಕಾರಣಕ್ಕೆ ಈ ಮೇಷ್ಟ್ರುಗಳ ಹೆಸರು ಅಡಿಟಿಪ್ಪಣಿಗೆ ಹೋಗ್ಬಿಡುತ್ತೆ.

1944ರಲ್ಲಿ ಕಪ್ಪು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ನ್ಯೂಯಾರ್ಕಿಗೆ ಬಂದು ಜೂಲಿಯಾರ್ಡ್ ಅನ್ನೋ ಸಂಗೀತ ಕಾಲೇಜು ಸೇರಿದ್ರು. ಹಗಲು ಅಲ್ಲಿ ಪಾಠ, ರಾತ್ರಿ ಜಾಜ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹಿಂದೆ ಸುತ್ತೋದು. ಕಪ್ಪು ಜನ ಬಡವರು, ಹತ್ತಿ ಬಿಡಿಸ್ತಿದ್ದವ್ರು, ಅದಕ್ಕೇ ಬ್ಲೂಸ್ ಅನ್ನೋ ದುಃಖದ ಹಾಡು ಹಾಡ್ತಾರೆ ಅಂತ ಒಬ್ರು ಟೀಚರ್ ಕ್ಲಾಸಲ್ಲಿ ಹೇಳಿದ್ರಂತೆ, ಮೈಲ್ಸ್ ಎದ್ದು ನಿಂತು ನಮ್ಮಪ್ಪ ಡೆಂಟಿಸ್ಟು, ದುಡ್ಡಿರೋರು, ನಾನೂ ಬ್ಲೂಸ್ ನುಡಿಸ್ತೀನಿ ಅಂದ್ರಂತೆ, ಆತ್ಮಕಥೆಲಿ ಅವ್ರೇ ಹೇಳ್ಕೊಂಡಿರೋದು. ಆದ್ರೂ ಲೈಬ್ರರಿಯಿಂದ ಸ್ಟ್ರಾವಿನ್‌ಸ್ಕಿ, ಬರ್ಗ್, ಪ್ರೊಕೊಫಿಯೆವ್ ಅಂಥ ಯುರೋಪಿನ ಸಂಯೋಜಕರ ಸ್ಕೋರುಗಳನ್ನ, ಅಂದ್ರೆ ಸ್ವರಲಿಪಿಗಳನ್ನ, ತಂದು ಓದ್ತಿದ್ರು. 1945ರಲ್ಲಿ ಜೂಲಿಯಾರ್ಡ್ ಬಿಟ್ರು. ಅದೇ ಜೂಲಿಯಾರ್ಡಲ್ಲಿ ಜಾಜ್ ವಿಭಾಗ ಶುರುವಾಗಿದ್ದು 2001ರಲ್ಲಿ!

ಯುದ್ಧ ಮುಗಿದ ಮೇಲೆ ಪರಿಸ್ಥಿತಿ ಬದಲಾಗೋಕೆ ದುಡ್ಡೂ ಒಂದು ಕಾರಣ. ವಾಪಸ್ ಬಂದ ಸೈನಿಕರ ಓದಿನ ಖರ್ಚನ್ನ ಸರ್ಕಾರ ಕೊಡ್ತು, ಅವ್ರಲ್ಲಿ ಬ್ಯಾಂಡಲ್ಲಿ ನುಡಿಸ್ತಿದ್ದವ್ರು ಎಷ್ಟೋ ಜನ ಇದ್ರು. ಬಾಸ್ಟನ್‌ನಲ್ಲಿ ಲಾರೆನ್ಸ್ ಬರ್ಕ್ 1945ರಲ್ಲಿ ಶುರು ಮಾಡಿದ ಚಿಕ್ಕ ಶಾಲೆ ಮುಂದೆ ಬರ್ಕ್ಲೀ ಸಂಗೀತ ಕಾಲೇಜು ಆಯ್ತು. 1957ರಿಂದ 1960ರವರೆಗೆ ಲೆನಾಕ್ಸ್ ಅನ್ನೋ ಊರಲ್ಲಿ ಪಿಯಾನೊ ವಾದಕ ಜಾನ್ ಲೂಯಿಸ್ ನಡೆಸಿದ ಬೇಸಿಗೆ ಜಾಜ್ ಶಾಲೆ ಚಿಕ್ಕದಾದ್ರೂ ನಂಗೆ ತುಂಬಾ ಇಷ್ಟ, ಗುಂಥರ್ ಶುಲ್ಲರ್, ಮ್ಯಾಕ್ಸ್ ರೋಚ್, ಜಾರ್ಜ್ ರಸೆಲ್ ಅಂಥವ್ರು ಅಲ್ಲಿ ಕಲಿಸ್ತಿದ್ರು, 1959ರಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅಲ್ಲಿಗೆ ವಿದ್ಯಾರ್ಥಿಯಾಗಿ ಬಂದಿದ್ರು. ಟೀವಿಲಿ ಆರ್ಕೆಸ್ಟ್ರಾ ನಿರ್ದೇಶಕ ಲೆನಾರ್ಡ್ ಬರ್ನ್‌ಸ್ಟೈನ್ 1958ರಿಂದ 1972ರವರೆಗೆ ಮಕ್ಳಿಗಾಗಿ 53 ಯಂಗ್ ಪೀಪಲ್ಸ್ ಕನ್ಸರ್ಟ್ ಮಾಡಿದ್ರು, 1964ರದ್ದೊಂದು ಪೂರ್ತಿ ಜಾಜ್ ಮತ್ತು ಕನ್ಸರ್ಟ್ ಹಾಲ್ ಬಗ್ಗೇನೇ.

ಆದ್ರೆ ಮರ್ಯಾದೆ ಅಷ್ಟು ಸುಲಭಕ್ಕೆ ಸಿಗ್ಲಿಲ್ಲ. 1965ರಲ್ಲಿ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್, ಅದರ ಸಂಗೀತದ ಜ್ಯೂರಿ ಎಲಿಂಗ್ಟನ್‌ಗೆ ವಿಶೇಷ ಗೌರವ ಕೊಡಿ ಅಂತ ಶಿಫಾರಸು ಮಾಡಿದ್ರೆ ಬೋರ್ಡು ಒಪ್ಪಲಿಲ್ಲ, ಮೂವರು ಜ್ಯೂರಿಗಳಲ್ಲಿ ಇಬ್ರು ರಾಜೀನಾಮೆ ಕೊಟ್ರು, ಆ ವರ್ಷ ಸಂಗೀತದ ಪ್ರಶಸ್ತಿ ಯಾರಿಗೂ ಇಲ್ಲ. ಜಾಜ್ ಕೃತಿಗೆ ಆ ಪ್ರಶಸ್ತಿ ಮೊದಲು ಬಂದಿದ್ದು 1997ರಲ್ಲಿ, ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್‌ಗೆ.

1967ರಲ್ಲಿ ಟ್ಯಾಂಗಲ್‌ವುಡ್‌ನಲ್ಲಿ ಸೇರಿದ ಸಂಗೀತ ಶಿಕ್ಷಕರು ಎಲ್ಲಾ ಥರದ ಸಂಗೀತಕ್ಕೂ ಸಿಲಬಸ್ಸಲ್ಲಿ ಜಾಗ ಇರ್ಬೇಕು ಅಂತ ಘೋಷಿಸಿದ್ರು. ಅದೇ ವರ್ಷ ಜೇಮಿ ಏಬರ್ಸೋಲ್ಡ್ ಪ್ಲೇ ಅಲಾಂಗ್ ರೆಕಾರ್ಡಿನ ಮೊದಲ ವಾಲ್ಯೂಮ್ ತಂದ್ರು, ರೆಕಾರ್ಡಲ್ಲಿ ಪಿಯಾನೊ, ಬೇಸ್, ಡ್ರಮ್ಸ್ ಮಾತ್ರ ಇರುತ್ತೆ, ಸೋಲೋ ಜಾಗ ಖಾಲಿ, ಅಲ್ಲಿ ನೀವೇ ನುಡಿಸ್ಬೇಕು, ಬ್ಯಾಂಡೇ ಇಲ್ದಿರೋ ಊರಿನ ಹುಡುಗ್ರಿಗೆ ಇದು ದೊಡ್ಡ ಉಪಕಾರ ಆಯ್ತು. ಆದ್ರೆ ಈ ಕಾರ್ಡಿಗೆ, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪಿಗೆ, ಈ ಸ್ಕೇಲು, ಅಂದ್ರೆ ಸ್ವರಗಳ ಸಾಲು, ಅಂತ ಲೆಕ್ಕ ಹಾಕಿ ಕಲಿತವ್ರೆಲ್ಲ ಒಂದೇ ಥರ ನುಡಿಸ್ತಾರೆ ಅನ್ನೋ ದೂರೂ ಬಂತು. ನಂಗೆ ಆ ದೂರು ಸರಿ ಅನ್ಸುತ್ತೆ, ರೆಕಾರ್ಡು ನಿಮ್ಮ ಜೊತೆ ನುಡಿಸುತ್ತೇ ಹೊರತು ನೀವು ನುಡಿಸಿದ್ದನ್ನ ಕೇಳಿಸ್ಕೊಳ್ಳಲ್ಲ, ಡಯೆಟ್ ಮೇಷ್ಟ್ರು ಕೇಳಿಸ್ಕೊಳ್ತಿದ್ರು.

ಕೇಳಿಸ್ಕೊಳ್ಳೋದನ್ನ ಕಲಿಸೋಕೆ ಅಮೆರಿಕದ ಕ್ಲಾಸಿಕಲ್ ಕಡೆಯಿಂದ್ಲೇ ಒಂದು ಒಳ್ಳೇ ಪಾಠ ಸಿಗುತ್ತೆ, ಟೆರ್ರಿ ರೈಲಿ 1964ರಲ್ಲಿ ಬರೆದ ಇನ್ ಸಿ ಅನ್ನೋ ಕೃತಿ. ಒಟ್ಟು 53 ಪುಟ್ಟ ಸ್ವರಗುಚ್ಛ, ಯಾವ ವಾದ್ಯ ಆದ್ರೂ ಸರಿ, ಎಷ್ಟು ಜನ ಆದ್ರೂ ಸರಿ, ಒಂದೊಂದನ್ನ ಎಷ್ಟು ಸಲ ಬೇಕಾದ್ರೂ ನುಡಿಸಿ ಮುಂದಿನದಕ್ಕೆ ಹೋಗ್ಬಹುದು, ಆದ್ರೆ ಗುಂಪಿಂದ ತೀರಾ ಮುಂದೆ ಓಡಬಾರ್ದು, ತೀರಾ ಹಿಂದೆ ಉಳೀಬಾರ್ದು. ಕಲಿಯೋಕೆ ಶುರು ಮಾಡಿದ ಮಕ್ಳೂ ನುಡಿಸಬಹುದು, ಪಕ್ಕದವ್ರನ್ನ ಕೇಳ್ದೆ ನುಡಿಸೋಕೆ ಮಾತ್ರ ಆಗಲ್ಲ. ರೈಲಿ ಸ್ವತಃ ಜಾಜ್ ಪಿಯಾನೊ ನುಡಿಸೋರು, 1970ರಿಂದ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ ಕಿರಾಣಾ ಗಾಯನ ಕಲಿತ್ರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವ್ರ ಘರಾಣೆ ಅದು.

ಡಿಗ್ರಿ ಕೋರ್ಸಿನ ಆಚೆ ಕಲಿಯೋದು ಈಗ್ಲೂ ನಿಂತಿಲ್ಲ. ಭಾರತೀಯ ಅಪ್ಪ ಅಮ್ಮನ ಮಗ ರುದ್ರೇಶ್ ಮಹಾಂತಪ್ಪ ಬರ್ಕ್ಲೀಲಿ ಸ್ಯಾಕ್ಸೊಫೋನ್ ಓದ್ತಿದ್ದಾಗ ಅವ್ರ ಅಣ್ಣ ತಮಾಷೆಗೆ ಅಂತ ಒಂದು ಆಲ್ಬಮ್ ಕೊಟ್ರು, ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್, ನುಡಿಸಿದವ್ರು ನಮ್ಮ ಕದ್ರಿ ಗೋಪಾಲನಾಥ್. ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು ಕರ್ನಾಟಕ ಸಂಗೀತದ ಗಮಕಕ್ಕೆ ಅದನ್ನ ಬಗ್ಗಿಸಿದವ್ರು ಅವ್ರು. ಆ ಆಲ್ಬಮ್ ಮಹಾಂತಪ್ಪರ ತಲೇಲಿ ಕೂತ್ಬಿಡ್ತು, ಮುಂದೆ ಇಬ್ರೂ ಸೇರಿ ನುಡಿಸಿದ ಕಿನ್ಸ್‌ಮೆನ್ 2008ರಲ್ಲಿ ಬಂತು, ಎ. ಕನ್ಯಾಕುಮಾರಿ ಅನ್ನೋ ಕಲಾವಿದೆಯ ವಯಲಿನ್ನೂ ಅದ್ರಲ್ಲಿದೆ. 2016ರಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿ ತನ್ನ ಜಾಜ್ ಕಾರ್ಯಕ್ರಮದ ಹೊಣೆ ಇದೇ ಮಹಾಂತಪ್ಪರಿಗೆ ಕೊಡ್ತು.