ಸ್ಟೇಷನ್ನಿಂದ ಹತ್ತು ನಿಮಿಷ

ಮೈಸೂರಿನ ಒಂದು ಚಿಕ್ಕ ಸ್ಟೇಷನ್‌ನಲ್ಲಿ ನಾನು ರೈಲಿಳಿದ ತಕ್ಷಣ ನಮ್ಮ ಸೋದರತ್ತೆ ಮನೆ ತಾರಸಿ ಕಾಣುತ್ತೆ, ತಂತಿ ಮೇಲೆ ಒಣಗ್ತಿರೋ ಸೀರೆ ಯಾವ ಬಣ್ಣದ್ದು ಅಂತಾನೂ ಹೇಳ್ಬಹುದು, ಅಷ್ಟು ಹತ್ತಿರ. ಆದ್ರೆ ಸ್ಟೇಷನ್ ಬಾಗಿಲಿರೋದು ಆ ಕಡೆಗೆ, ಅತ್ತೆ ಮನೆ ಇರೋದು ಈ ಕಡೆಗೆ, ಮಧ್ಯ ಹಳಿ, ಹಳಿ ಪಕ್ಕ ಉದ್ದಕ್ಕೂ ಕಾಂಪೌಂಡು. ಹೊರಗೆ ಬಂದು, ಮೇನ್ ರೋಡ್ ಹಿಡ್ದು, ಅಂಡರ್‌ಬ್ರಿಡ್ಜ್ ದಾಟಿ, ಮತ್ತೆ ವಾಪಸ್ ಅಷ್ಟೇ ದೂರ ನಡ್ಕೊಂಡು ಬರ್ಬೇಕು. ಮೊಬೈಲ್‌ನಲ್ಲಿ ಅಳೆದು ನೋಡ್ದೆ, 900 ಮೀಟರ್. ನನಗೆ ಹನ್ನೆರಡು ನಿಮಿಷ, 74 ವರ್ಷದ ಅತ್ತೆಗೆ ಹತ್ತೊಂಬತ್ತು. "ರೈಲು ಬಂದಿದ್ದು ಮನೇಲೇ ಕೇಳುತ್ತೆ ಕಣೋ, ಹತ್ತೋಕ್ಕಾಗಲ್ಲ ಅಷ್ಟೇ" ಅಂತಾರೆ.

ಈ ಮಾತು ಯಾಕೆ ಬಂತು ಅಂದ್ರೆ, ಈಗ ದೇಶದಲ್ಲೆಲ್ಲಾ ಸ್ಟೇಷನ್ ಸುತ್ತಮುತ್ತಲ ಏರಿಯಾಗಳನ್ನ ಹೊಸದಾಗಿ ಕಟ್ಟೋ ಬಗ್ಗೆ ಚರ್ಚೆ ನಡೀತಿದೆ. ರೈಲು, ಮೆಟ್ರೋ, ಬಸ್ ಸಿಗೋ ಜಾಗದ ಹತ್ತಿರಾನೇ ಜಾಸ್ತಿ ಮನೆ, ಅಂಗಡಿ, ಆಫೀಸು ಬರ್ಲಿ, ಜನ ಕಾರು ಬೈಕು ಬಿಟ್ಟು ನಡ್ಕೊಂಡು ಬಂದು ಹತ್ಲಿ ಅನ್ನೋದು ಐಡಿಯಾ. 2017ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಅಂತಾನೇ ಒಂದು ಪಾಲಿಸಿ ತಂತು, ಸ್ಟೇಷನ್ನಿಂದ 500ರಿಂದ 800 ಮೀಟರ್ ಒಳಗಿನ ಜಾಗಾನ ನಡಿಗೆ ದೂರ ಅಂತ ತಗೊಳ್ಳಿ ಅಂತ ಅದರಲ್ಲಿದೆ. ಐಡಿಯಾ ಸರಿಯಾಗಿದೆ, ನನಗೆ ಅದರಲ್ಲಿ ಅನುಮಾನ ಇಲ್ಲ. ರಿಂಗ್ ರೋಡ್ ಆಚೆ ಲೇಔಟ್ ಮೇಲೆ ಲೇಔಟ್ ಮಾಡ್ಕೊಂಡು ಹೋದ್ರೆ ಹಾಲು ತರೋಕೂ ಸ್ಕೂಟರ್ ಬೇಕಾಗುತ್ತೆ, ಸ್ಟೇಷನ್ ಪಕ್ಕ ನಾಲ್ಕು ಮನೆ ಜಾಸ್ತಿ ಆದ್ರೆ ಆ ನಾಲ್ಕು ಮನೆಯವರಾದ್ರೂ ನಡೀತಾರೆ. ನನಗೆ ತೊಂದ್ರೆ ಅನ್ಸೋದು ಆ 800 ಮೀಟರ್‌ನ ಮ್ಯಾಪ್ ಮೇಲೆ ಕೈವಾರ ಇಟ್ಟು ಗುಂಡಗೆ ಎಳೆಯೋ ರೀತಿ.

ಲೆಕ್ಕ ಮಾಡಿ ನೋಡೋಣ, ಹೈಸ್ಕೂಲ್ ಗಣಿತ ಸಾಕು. ಆರೋಗ್ಯವಾಗಿರೋ ಒಬ್ಬ ಮನುಷ್ಯ ನಿಮಿಷಕ್ಕೆ 80 ಮೀಟರ್ ನಡೀತಾನೆ, ಹತ್ತು ನಿಮಿಷಕ್ಕೆ 800. ಆ ತ್ರಿಜ್ಯದ ವೃತ್ತ ಎಳೆದ್ರೆ ಸುಮಾರು 500 ಎಕರೆ ಬರುತ್ತೆ. ಕೇಳೋಕೆ ಎಷ್ಟು ದೊಡ್ಡ ಜಾಗ ಅಲ್ವಾ. ಆದ್ರೆ ಯಾರೂ ಕಾಗೆ ಥರ ನೇರ ಹಾರ್ಕೊಂಡು ಹೋಗಲ್ಲ, ರಸ್ತೆ ಹಿಡ್ಕೊಂಡೇ ಹೋಗ್ಬೇಕು. ರಸ್ತೆಗಳು ಚೌಕಾಬಾರ ಮನೆ ಥರ ಅಡ್ಡ ಉದ್ದ ಅಚ್ಚುಕಟ್ಟಾಗಿ ಇದ್ದವು ಅಂತಾನೇ ಇಟ್ಕೊಳ್ಳಿ, ಆಗ್ಲೂ ಮೂಲೆಗೆ ಹೋಗೋಕೆ ಮೊದ್ಲು ನೇರ ಹೋಗಿ ಆಮೇಲೆ ತಿರುಗ್ಬೇಕು. ಹಂಗಾಗಿ ಹತ್ತು ನಿಮಿಷದಲ್ಲಿ ಮುಟ್ಟೋಕಾಗೋ ಜಾಗ ಗುಂಡಗಿರಲ್ಲ, ಗಾಳಿಪಟದ ಆಕಾರಕ್ಕೆ ಬರುತ್ತೆ, ಅದರ ವಿಸ್ತೀರ್ಣ ಸುಮಾರು 316 ಎಕರೆ. ಇನ್ನೂ ಒಂದು ಗೋಡೆನೂ ಅಡ್ಡ ಬಂದಿಲ್ಲ, ಆಗ್ಲೇ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಳ್ಕೊಂಡ್ವಿ.

ಈಗ ಮಧ್ಯ ಹಳಿ ಎಳೀರಿ, ಸ್ಟೇಷನ್‌ಗೆ ಒಂದೇ ಕಡೆ ಬಾಗಿಲು ಇಡಿ, ಹತ್ತಿರದಲ್ಲಿ ದಾಟೋ ದಾರಿ ಇಲ್ಲ ಅನ್ಕೊಳ್ಳಿ. 316 ಹೋಗಿ 158. ಇದೆಲ್ಲಾ ಗಟ್ಟಿಮುಟ್ಟಾಗಿರೋರ ಲೆಕ್ಕ. ನಮ್ಮತ್ತೆ ಥರ ವಯಸ್ಸಾದವರು, ಬಸುರಿ ಹೆಂಗಸರು, ಮಗು ಎತ್ಕೊಂಡಿರೋರು, ಎರಡು ಕೈಲೂ ಬ್ಯಾಗಿರೋರು ಸೆಕೆಂಡಿಗೆ ಸುಮಾರು 0.8 ಮೀಟರ್ ನಡೀತಾರೆ, ಹತ್ತು ನಿಮಿಷಕ್ಕೆ 480 ಮೀಟರ್. ದೂರ ಕಡಿಮೆ ಆಗಿದ್ದು 40 ಪರ್ಸೆಂಟ್, ಆದ್ರೆ ವಿಸ್ತೀರ್ಣ ದೂರದ ವರ್ಗಕ್ಕೆ ತಕ್ಕಂಗೆ ಇಳಿಯುತ್ತಲ್ಲ, ಅದಕ್ಕೇ ಜಾಗ ಕಡಿಮೆ ಆಗೋದು 64 ಪರ್ಸೆಂಟ್. 158 ಎಕರೆ ಹೋಗಿ 57 ಉಳೀತು. ಮ್ಯಾಪ್ ಮೇಲೆ 500 ಎಕರೆ, ಅತ್ತೆ ಕಾಲಿಗೆ 57.

ಈ ಲೆಕ್ಕ ನಮಗೆ ಅನುಕೂಲಾನೂ ಮಾಡುತ್ತೆ, ನಾನು ಒತ್ತಿ ಹೇಳ್ಬೇಕು ಅಂತಿರೋದು ಅದನ್ನೇ. ಹಳಿ ಆಚೆಗೂ ಒಂದು ಗೇಟು, ಒಂದು ಫುಟ್ ಓವರ್‌ಬ್ರಿಡ್ಜು ಇಟ್ರೆ 57 ಒಂದೇ ಸಲಕ್ಕೆ ಹತ್ತಿರ ಹತ್ತಿರ 114 ಆಗುತ್ತೆ, ಮೆಟ್ಟಿಲ ಜೊತೆ ಲಿಫ್ಟೂ ಇರ್ಬೇಕು, ಇಲ್ದಿದ್ರೆ ಅತ್ತೆಯಂಥವರಿಗೆ ಅದು ಇನ್ನೊಂದು ಗೋಡೆ ಅಷ್ಟೇ. ಒಂದೇ ಒಂದು ಹೊಸ ಬಿಲ್ಡಿಂಗ್ ಏಳ್ದೇನೇ ಸ್ಟೇಷನ್ ಹತ್ತಿರ ಇರೋ ಮನೆಗಳ ಸಂಖ್ಯೆ ಎರಡರಷ್ಟಾಗುತ್ತೆ. ಫುಟ್‌ಪಾತ್‌ನೂ ಹಿಂಗೇ ನೋಡ್ಬೇಕು. ಕಿತ್ತೋಗಿರೋ ಕಲ್ಲು, ಮೇಲೆ ನಿಲ್ಲಿಸಿರೋ ಬೈಕು, ದಾಟೋಕೆ ಸಿಗ್ನಲ್ ಸಾಕಾಗದೇ ಇರೋದು, ಇವೆಲ್ಲಾ ನಡಿಗೆ ವೇಗ ಕಡಿಮೆ ಮಾಡ್ತಾವೆ, ವೇಗ ಸ್ವಲ್ಪ ಕಡಿಮೆ ಆದ್ರೂ ಜಾಗ ಜಾಸ್ತಿ ಹೋಗುತ್ತೆ. 18 ಮೀಟರ್ ಅಗಲದ ರಸ್ತೆ ದಾಟೋಕೆ ನನಗೆ 15 ಸೆಕೆಂಡ್ ಸಾಕು, ಅತ್ತೆಗೆ 22 ಮೇಲೆ ಬೇಕು. ಸಿಗ್ನಲ್ 15ಕ್ಕೇ ಮುಗಿದ್ರೆ ಅವರು ರಸ್ತೆ ಮಧ್ಯದಲ್ಲಿರ್ತಾರೆ.

ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ. ಆಮೇಲೆ ಪ್ಲೇಗ್ ಬಂತು, ಒತ್ತೊತ್ತಾಗಿದ್ದ ಹಳೇ ಕೇರಿಗಳಲ್ಲಿ ಜನ ಸತ್ರು, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರು ಮಾಡಿದ್ರು, ದೇಶದಲ್ಲೇ ಇಂಥ ಬೋರ್ಡ್‌ಗಳಲ್ಲಿ ಮೊದಲಿನವುಗಳ ಪೈಕಿ ಇದೂ ಒಂದು. ಗಾಳಿ ಬೆಳಕು ಬರೋ ಹಂಗೆ ನೇರ ರಸ್ತೆಗಳ ಹೊಸ ಬಡಾವಣೆಗಳಾದವು, ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳನ್ನ ಬಿಟ್ರು. ಆ ಗಲ್ಲಿಗಳನ್ನ ಬಿಟ್ಟಿದ್ದು ಯಾಕೆ ಅನ್ನೋದನ್ನ ಮರೀಬಾರ್ದು. ಮಲ ಹೊರೋ ಜನ ಮುಂದಿನ ರಸ್ತೇಲಿ ಕಾಣ್ಬಾರ್ದು ಅಂತ ಬಿಟ್ಟ ದಾರಿ ಅದು. ಒಳಚರಂಡಿ ಬಂದ್ಮೇಲೆ ಆ ಕೆಲಸ ನಿಂತು, ಗಲ್ಲಿ ಮಾತ್ರ ಹಂಗೇ ಉಳ್ಕೊಂಡ್ವು, ಎಷ್ಟೋ ಕಡೆ ಈಗ ಕಸ, ಕಟ್ಟಡದ ಮಣ್ಣು, ಪಾರ್ಥೇನಿಯಂ ತುಂಬ್ಕೊಂಡಿವೆ. ಉದ್ದುದ್ದ ಬೀದಿಗಳ ಮಧ್ಯ ಒಳದಾರಿ ಕೊಡೋಕೆ ಅದಕ್ಕಿಂತ ಒಳ್ಳೇ ಜಾಗ ಇನ್ನೆಲ್ಲಿ ಸಿಗುತ್ತೆ? ಹೊಸ ನಗರಗಳಲ್ಲಿ ಇಂಥ ದಾರಿಗೆ ದುಡ್ಡು ಕೊಟ್ಟು ಜಾಗ ಕೊಳ್ಳಬೇಕು, ನಮ್ಮಲ್ಲಿ ಅದು ಆಗ್ಲೇ ಇದೆ.

ಅದೇ ಕಾಲಕ್ಕೆ ಜಪಾನಿನ ಒಸಾಕಾದಲ್ಲಿ ಕೊಬಯಾಶಿ ಇಚಿಝೋ ಅನ್ನೋರು ಊರಾಚೆಗೆ ಒಂದು ಎಲೆಕ್ಟ್ರಿಕ್ ರೈಲು ಹಾಕಿಸಿದ್ರು. ಜನಾನೇ ಇಲ್ದಿರೋ ಕಡೆ ರೈಲು ಯಾಕೆ ಅಂತ ಕೇಳೋರಿದ್ದಾಗ, ಲೈನ್ ಪಕ್ಕದ ಜಮೀನು ತಗೊಂಡು ಮನೆ ಕಟ್ಟಿಸಿ 1910ರಲ್ಲಿ ಮಧ್ಯಮ ವರ್ಗದವರಿಗೆ ಕಂತಿನ ಮೇಲೆ ಮಾರಿದ್ರು. ಮನೆ ತಗೊಂಡೋರೇ ದಿನಾ ರೈಲು ಹತ್ತೋರಾದ್ರು. ರೈಲಿಂದ ಜಮೀನಿಗೆ ಬರೋ ಬೆಲೆಯಲ್ಲೇ ರೈಲಿನ ಖರ್ಚು ತೆಗೆಯೋ ಈ ದಾರೀನ ಮುಂದೆ ಹಾಂಗ್‌ಕಾಂಗ್‌ನ ಮೆಟ್ರೋನೂ ದೊಡ್ಡ ಮಟ್ಟದಲ್ಲಿ ಹಿಡೀತು.

ಬೆಲೆ ಏರೋದು ಅಂದಾಗ ನನಗೆ ಮೊದ್ಲು ನೆನಪಾಗೋದು ಬಾಡಿಗೆಯವರು. ಅತ್ತೆ ಮನೆ ಪಕ್ಕ ಒಂದು ವಠಾರ ಇದೆ, ಆರು ಮನೆ, ಒಂದೇ ನಲ್ಲಿ. ಒಬ್ಬರು ಹೋಟೆಲ್‌ನಲ್ಲಿ ದೋಸೆ ಹಾಕೋರು, ಇನ್ನೊಬ್ಬರು ಆಸ್ಪತ್ರೇಲಿ ಆಯಾ, ಬೆಳಗ್ಗೆ ಐದಕ್ಕೆ ಹೊರಡೋ ಜನ. ಇಡೀ ಬೀದೀಲಿ ಸ್ವಂತ ವಾಹನ ಇಲ್ದೇ ಇರೋರು, ಅಂದ್ರೆ ರೈಲು ಬಸ್ಸು ನಿಜವಾಗ್ಲೂ ಬೇಕಾಗಿರೋರು ಇವರೇ. ವಠಾರ ಒಡೆದು ಅಪಾರ್ಟ್‌ಮೆಂಟ್ ಎದ್ರೆ ಇವರು ಹೋಗೋದು ರಿಂಗ್ ರೋಡ್ ಆಚೆಗೆ, ಇವರ ಜಾಗಕ್ಕೆ ಬರೋರಿಗೆ ಮನೆಗೆರಡು ಕಾರು. ಒಂದು ಕಾರು ನಿಲ್ಲಿಸಿ ತಿರುಗಿಸೋಕೆ ಸುಮಾರು 25ರಿಂದ 30 ಚದರ ಮೀಟರ್ ಬೇಕು, 30-40 ಸೈಟು ಅಂದ್ರೆ 111 ಚದರ ಮೀಟರ್, ನಾಲ್ಕು ಕಾರಿಗೆ ಇಡೀ ನೆಲ ಮುಗಿದ್ಹೋಯ್ತು. ಮನೆ ಜಾಸ್ತಿ ಆದ್ವು, ರೈಲು ಹತ್ತೋರು ಕಡಿಮೆ ಆದ್ರು. ಇಂಥ ಕಡೆ ಕಟ್ಟೋ ಹೊಸ ಬಿಲ್ಡಿಂಗ್‌ಗಳಲ್ಲಿ ಪಾರ್ಕಿಂಗ್ ಕಡಿಮೆ ಮಾಡಿ, ಒಂದಷ್ಟು ಮನೇನ ಹಳೇ ಬಾಡಿಗೆಯವರಿಗೇ ಅಂತ ಮೀಸಲಿಡ್ಬೇಕು, ಅದು ಕರಾರಿನಲ್ಲೇ ಇರ್ಬೇಕು, ಬಾಯ್ಮಾತಲ್ಲಿ ಅಲ್ಲ.

ಹೋದ ಯುಗಾದಿ ಆದ್ಮೇಲೆ ಅತ್ತೆ ಬೀದಿಯವರು ಎರಡು ಭಾನುವಾರ ಸೇರ್ಕೊಂಡು ಹಿಂದಿನ ಕನ್ಸರ್ವೆನ್ಸಿಯ ಮಣ್ಣೆಲ್ಲಾ ಎತ್ತಿಸಿದ್ರು, ದೋಸೆ ಹಾಕೋರೂ ಡ್ಯೂಟಿ ಮುಗಿಸ್ಕೊಂಡು ಬಂದು ಗುದ್ದಲಿ ಹಿಡಿದ್ರಂತೆ. ಮೂಲೆ ಮನೆಯವರು ತಮ್ಮ ಮೀಟರ್‌ನಿಂದಾನೇ ಒಂದು ಎಲ್‌ಇಡಿ ಬಲ್ಬು ಹಾಕಿದ್ದಾರೆ. ಆ ಗಲ್ಲಿಯಿಂದ ಅಂಡರ್‌ಬ್ರಿಡ್ಜ್‌ಗೆ ನೇರ ಬರ್ಬಹುದು. ಅಳೆದೆ, 900 ಇದ್ದಿದ್ದು 640 ಆಗಿದೆ, ಅತ್ತೆ ಲೆಕ್ಕದಲ್ಲಿ ಹದಿಮೂರು ನಿಮಿಷ. ಹಳಿ ಪಕ್ಕದ ಕಾಂಪೌಂಡು ಹಂಗೇ ಇದೆ, ಆ ಕಡೆ ಗೇಟಿಗೆ ಅರ್ಜಿ ಬರೆದು ಮನೆ ಮನೆಗೆ ಹೋಗಿ ಸಹಿ ಹಾಕಿಸ್ತಿದ್ದಾರೆ, ವಠಾರದ ಆರೂ ಮನೆಯವರ ಸಹಿ ಅದರಲ್ಲಿದೆ. ಮೊನ್ನೆ ನಾನು ರೈಲಿಳಿದಾಗ ಅತ್ತೆ ಛತ್ರಿ ಹಿಡ್ಕೊಂಡು ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಕೂತಿದ್ರು.