ಹಂಪ್ ಕೇಳುವ ಮೊದಲು ರಸ್ತೆ ಯಾರದು ಅಂತ ಕೇಳಿ

ಜೂನ್ ಬಂತೆಂದರೆ ನನ್ನ ಫೋನ್ ಶುರುವಾಗುತ್ತದೆ. ಒಬ್ಬರು ಮುಖ್ಯಗುರುಗಳು, ಇಲ್ಲಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು. ಮಾತು ಒಂದೇ. "ಸರ್ರ, ಶಾಲಿ ಮುಂದ ಒಂದು ಹಂಪ್ ಹಾಕಸ್ರಿ. ಅರ್ಜಿ ಕೊಟ್ಟು ಕೊಟ್ಟು ಸಾಕಾಗ್ಯಾದ." ಯಾರಿಗೆ ಕೊಟ್ಟಿರಿ ಎಂದು ಕೇಳುತ್ತೇನೆ. "ಪಂಚಾಯತಿಗಿ ಕೊಟ್ಟೀವಿ, ಶಾಸಕರಿಗಿ ಕೊಟ್ಟೀವಿ, ಡಿಸಿ ಸಾಹೇಬ್ರಿಗೂ ಕೊಟ್ಟೀವಿ." ಸರಿ, ಆ ರಸ್ತೆ ಯಾರದು? ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸರ್ಕಾರದ್ದೇ ಅಲ್ರಿ?"

ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಗ ಶಾಲೆಗಳಿಗೆ ಅರ್ಜಿ, ನಕ್ಷೆ, ಎಸ್ಟಿಮೇಟ್ ಮಾಡಿಕೊಡುತ್ತೇನೆ. ಈ ಒಂದು ಪ್ರಶ್ನೆಯ ಉತ್ತರ ಗೊತ್ತಿಲ್ಲದೆ ಎಷ್ಟು ಅರ್ಜಿಗಳು ಫೈಲಿನಲ್ಲೇ ಉಳಿದದ್ದನ್ನು ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಕೆಲಸ ಸಣ್ಣದು, ಮಕ್ಕಳ ಜೀವ ದೊಡ್ಡದು, ತಪ್ಪಿದ್ದು ಮಾತ್ರ ವಿಳಾಸ.

ಸರ್ಕಾರ ಅಂದರೆ ಒಂದೇ ಜೇಬು ಅಲ್ಲ. ರಾಷ್ಟ್ರೀಯ ಹೆದ್ದಾರಿಗೆ ಹೆದ್ದಾರಿ ಪ್ರಾಧಿಕಾರ ಇಲ್ಲವೇ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆ. ಊರಿಂದ ಊರಿಗೆ ಹೋಗುವ ಗ್ರಾಮೀಣ ರಸ್ತೆ ಸಾಮಾನ್ಯವಾಗಿ ನಮ್ಮ ಪಂಚಾಯತ್ ರಾಜ್ ವಿಭಾಗದ್ದು. ಊರೊಳಗಿನ ಓಣಿ ಗ್ರಾಮ ಪಂಚಾಯತಿಯದು. ಕಲಬುರಗಿ ನಗರದೊಳಗೆ ಬಹುತೇಕ ರಸ್ತೆ ಪಾಲಿಕೆಯದು, ಆದರೆ ಎಲ್ಲವೂ ಅಲ್ಲ. ದುಡ್ಡು ರಸ್ತೆಯ ಒಡೆಯನ ಹಿಂದೆ ಹೋಗುತ್ತದೆ. ಒಡೆಯನ ಒಪ್ಪಿಗೆ ಇಲ್ಲದೆ ಪಂಚಾಯತಿ ರಾಜ್ಯ ಹೆದ್ದಾರಿಯ ಮೇಲೆ ಒಂದು ಡಬ್ಬಿ ಬಣ್ಣ ಬಳಿದರೂ ನಾಳೆ ಆಡಿಟ್ ಆಕ್ಷೇಪಣೆ ಬರುತ್ತದೆ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಉತ್ತರ ಕೊಡಬೇಕಾಗುತ್ತದೆ. ಪಿಡಿಒ ಬೇಕಂತಲೇ ಮಾಡುವುದಿಲ್ಲ ಎಂದು ಬೈಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಒಡೆಯನನ್ನು ಹುಡುಕುವುದು ಕಷ್ಟವೇನಲ್ಲ. ಶಾಲೆಯ ಹತ್ತಿರದ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ. ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಕಿತ್ತಳೆ ಬಣ್ಣ ಇದ್ದರೆ ಗ್ರಾಮೀಣ ರಸ್ತೆ, ಹೆಚ್ಚಾಗಿ ಗ್ರಾಮ ಸಡಕ್ ಯೋಜನೆಯಲ್ಲಿ ಆದದ್ದು. ಕಪ್ಪು ಅಥವಾ ನೀಲಿ ಇದ್ದರೆ ಸಾಮಾನ್ಯವಾಗಿ ಜಿಲ್ಲಾ ರಸ್ತೆ. ಬಣ್ಣ ಅಳಿಸಿ ಹೋಗಿರಬಹುದು, ರಸ್ತೆ ಆಮೇಲೆ ಮೇಲ್ದರ್ಜೆಗೆ ಏರಿರಲೂಬಹುದು. ಹಾಗಾಗಿ ಲೋಕೋಪಯೋಗಿ ಉಪವಿಭಾಗದ ಕಚೇರಿಯಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ. ಆಮೇಲೆ ಅರ್ಜಿಯ ಮೊದಲ ಸಾಲಲ್ಲೇ ರಸ್ತೆಯ ಹೆಸರು, ಕಿಲೋಮೀಟರ್ ಸಂಖ್ಯೆ ಬರೆಯಿರಿ. ಎಇಇ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಟೇಬಲ್ ಮೇಲೆ ಅಂಥ ಅರ್ಜಿ ಬಿದ್ದರೆ ಅದನ್ನು ಬೇರೆಯವರಿಗೆ ಕಳಿಸಲು ಕಾರಣವೇ ಸಿಗುವುದಿಲ್ಲ.

ಜೇವರ್ಗಿ ಕಡೆಯ ಒಂದು ಶಾಲೆಯ ಕಥೆ ಹೇಳುತ್ತೇನೆ. ಅವರ ಅರ್ಜಿ ಪಂಚಾಯತಿಯಿಂದ ತಾಲ್ಲೂಕಿಗೆ, ಅಲ್ಲಿಂದ ಜಿಲ್ಲಾ ಪಂಚಾಯತಿಗೆ, ಅಲ್ಲಿಂದ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಷರಾದೊಂದಿಗೆ ವಾಪಸ್ ಬಂತು. ವರ್ಷದ ಮೇಲಾಯಿತು. ಶಾಲೆಯ ಗೇಟಿನಿಂದ ನೂರು ಹೆಜ್ಜೆ ದೂರದಲ್ಲಿ ಹಸಿರು ತಲೆಯ ಕಲ್ಲು ನಿಂತಿತ್ತು. ಕಾದು ಬೇಸತ್ತ ಊರವರು ಒಂದು ರಾತ್ರಿ ತಾವೇ ಮುರುಂ (ಗರಸು ಮಣ್ಣು), ಬೋಲ್ಡರ್ ಸುರಿದು ಹಂಪ್ ಮಾಡಿದರು. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಮೂರನೇ ದಿನ ಕತ್ತಲಲ್ಲಿ ಅದೇ ಊರಿನ ಹುಡುಗನ ಬೈಕ್ ಹಾರಿ ಬಿತ್ತು. ಹಿಂದೆ ಕೂತಿದ್ದ ಅವನ ತಾಯಿಯ ಸೊಂಟ ಮುರಿಯಿತು. ಅವರನ್ನು ನೋಡಲು ಹೋದಾಗ ನನಗೆ ಮಾತೇ ಬರಲಿಲ್ಲ.

ಹಂಪಿಗೆ ಒಂದು ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ವಾಹನ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಕಡೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅಂದರೆ ಚಪ್ಪಟೆ, ಅಗಲ. ನಮ್ಮೂರುಗಳಲ್ಲಿ ಹಾಕುವುದು ಮೊಳ ಅಗಲದ ದಿಣ್ಣೆ. ರಾಷ್ಟ್ರೀಯ ಹೆದ್ದಾರಿಯ ಮೇಲಂತೂ ಹಂಪ್ ಕೇಳಿ ಸುಮ್ನೆ ಸಮಯ ಹಾಳು ಮಾಡಬೇಡಿ. ಅಲ್ಲಿರುವ ಹಂಪುಗಳನ್ನು ತೆಗೆಯಿರಿ ಎಂದು 2016ರಲ್ಲೇ ಕೇಂದ್ರ ಸಚಿವಾಲಯ ಸೂಚಿಸಿತ್ತು. ಬೀದರ್‌ನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ದಾಟಿ ವಿಜಯಪುರಕ್ಕೆ ಹೋಗುವ 50ನೇ ಹೆದ್ದಾರಿಯ ಪಕ್ಕದ ಶಾಲೆಯವರು ರಂಬಲ್ ಸ್ಟ್ರಿಪ್ (ಚಕ್ರ ಗಡಗಡ ಅನ್ನುವಂಥ ಸಣ್ಣ ಅಡ್ಡಪಟ್ಟಿಗಳು), ಶಾಲಾ ವಲಯದ ಬೋರ್ಡ್, ಮಿನುಗು ದೀಪ, ಪಕ್ಕದಲ್ಲಿ ಕಂಬಿಬೇಲಿ ಕೇಳಬಹುದು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033ಕ್ಕೂ ದೂರು ಕೊಡಬಹುದು.

ವೇಗ ಯಾಕೆ ಇಷ್ಟು ಮುಖ್ಯ ಅಂತ ಎಸ್‌ಡಿಎಂಸಿ ಸಭೆಯಲ್ಲಿ ಹೀಗೆ ಹೇಳುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಮುಂದೆ ಬರುತ್ತದೆ. ಮಗುವನ್ನು ಕಂಡು ಚಾಲಕನ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಹೆಚ್ಚೂಕಡಿಮೆ ಮೂರು ಕೋಣೆಗಳ ಉದ್ದ ದಾಟಿರುತ್ತದೆ. ಬ್ರೇಕ್ ಹಿಡಿಯುವುದು ಅದರ ಮೇಲೆ. ಕಬ್ಬು ತುಂಬಿದ ಎರಡು ಟ್ರಾಲಿಯ ಟ್ರ್ಯಾಕ್ಟರ್ ನಿಧಾನವಾಗಿ ಬಂದರೂ ತಕ್ಷಣ ನಿಲ್ಲುವುದಿಲ್ಲ. ಆಳಂದ, ಅಫಜಲಪುರದ ಕಡೆ ಚಳಿಗಾಲದ ಬೆಳಿಗ್ಗೆ ಇದು ದಿನದ ಮಾತು. ಸೇಡಂ, ಚಿತ್ತಾಪುರದ ಕಡೆ ಸಿಮೆಂಟ್ ಲಾರಿ.

ಇನ್ನು ದುಡ್ಡು. ಜೂನ್‌ನಲ್ಲಿ ಕೇಳಿದರೆ ಸಿಗುವುದು ಕಷ್ಟ. ಆ ವರ್ಷದ ಹಣ ಯಾವ ಕೆಲಸಕ್ಕೆ ಅಂತ ಏಪ್ರಿಲ್‌ಗೆ ಮೊದಲೇ ಕ್ರಿಯಾ ಯೋಜನೆಯಲ್ಲಿ ಬಹುಮಟ್ಟಿಗೆ ಕೂತಿರುತ್ತದೆ. ಗ್ರಾಮ ಪಂಚಾಯತಿಯ ಮುಂದಿನ ವರ್ಷದ ಯೋಜನೆ ತಯಾರಾಗುವುದು ಅಕ್ಟೋಬರ್‌ನಿಂದ ಜನವರಿ ಒಳಗೆ. 2018ರಿಂದ ಜನ ಯೋಜನೆ ಅಭಿಯಾನ ಗಾಂಧಿ ಜಯಂತಿಯ ದಿನ ಶುರುವಾಗುವ ರೂಢಿ ಬಂದಿದೆ. ನಿಮ್ಮ ಅರ್ಜಿ ಆಗ ವಾರ್ಡ್ ಸಭೆಗೆ, ಗ್ರಾಮ ಸಭೆಗೆ ಬರಬೇಕು, ನಡಾವಳಿ ಪುಸ್ತಕದಲ್ಲಿ ಸೇರಬೇಕು. ಪಾಲಿಕೆಯಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ. ವ್ಯಾಪಾರಿಗಳು ಬರುತ್ತಾರೆ, ಬಡಾವಣೆಯವರು ಬರುತ್ತಾರೆ. ಶಾಲೆಯವರು ನನ್ನ ಕಣ್ಣಿಗೆ ಬಿದ್ದದ್ದು ಬಹಳ ಕಡಿಮೆ.

ಪಂಚಾಯತಿ ಹತ್ತಿರ ಹಣ ಜಾಸ್ತಿ ಇಲ್ಲ ಎನ್ನುವುದೂ ನಿಜ. 2021ರಿಂದ 2026ರ ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ 40ರಲ್ಲೇ ಊರಿನ ಬೇರೆಲ್ಲ ಅಗತ್ಯ ನೋಡಬೇಕು. ದೊಡ್ಡ ಕೆಲಸಕ್ಕೆ ನಮಗೆ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ) ಇದೆ. ಸಂವಿಧಾನದಲ್ಲಿ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗಕ್ಕೆ ಸಿಕ್ಕ ಮಂಡಳಿ ಅದು. ಆದರೆ ಮಂಡಳಿ ಹಣ ಕೊಟ್ಟರೂ ಕೆಲಸ ಮಾಡಿಸುವುದು ಒಂದು ಇಲಾಖೆಯೇ. ಶಾಸಕರ ನಿಧಿಯೂ ಹಾಗೆಯೇ. ಮತ್ತೆ ಅದೇ ಪ್ರಶ್ನೆ, ಅಲ್ವಾ? ರಸ್ತೆ ಯಾರದು?

ಕೆಲವೊಮ್ಮೆ ರಸ್ತೆಯನ್ನು ಮುಟ್ಟುವುದೇ ಬೇಡ. ಗೇಟು ನೇರ ಹೆದ್ದಾರಿಗೆ ತೆರೆದುಕೊಂಡಿರುತ್ತದೆ, ಹಿಂದೆ ಪಂಚಾಯತಿಯ ಓಣಿ ಖಾಲಿ ಇರುತ್ತದೆ. ಗೋಡೆ ಒಡೆದು ಗೇಟನ್ನು ಓಣಿಗೆ ತಿರುಗಿಸಿದರೆ ಶಾಲೆ ಬಿಟ್ಟ ಕೂಡಲೇ ಮಕ್ಕಳು ಟಾರಿನ ಮೇಲೆ ನುಗ್ಗುವುದು ತಪ್ಪುತ್ತದೆ. ಇದು ಬಹುಮಟ್ಟಿಗೆ ಊರಿನ ಕೈಯಲ್ಲೇ ಇರುವ ಕೆಲಸ. ಎಲ್ಲ ಕಡೆ ಆಗುವುದಿಲ್ಲ, ಜಾಗ ನೋಡಿಯೇ ಹೇಳಬೇಕು.

ಒಂದು ಮಕ್ಕಳ ಗ್ರಾಮ ಸಭೆಯಲ್ಲಿ, ರಸ್ತೆಯ ಬಲಬದಿಗೆ ವಾಹನಕ್ಕೆ ಮುಖ ಮಾಡಿ ನಡೆಯಬೇಕು ಎಂದು ನಾನು ಹೇಳುತ್ತಿದ್ದೆ. ಐದನೇ ತರಗತಿಯ ಹುಡುಗಿ ಎದ್ದು ನಿಂತಳು. "ಸರ್ರ, ಎಡಕ್ಕ ಹೋದರೂ ಬಲಕ್ಕ ಹೋದರೂ ರಾಡಿನೇ ಅದರಿ. ನಾವು ಎಲ್ಲಿ ನಡೀಬೇಕ್ರಿ?" ಅವಳು ಹೇಳಿದ್ದು ಸರಿ. ನಮ್ಮದು ಎರೆ ಮಣ್ಣು. ಮಳೆ ಬಂದರೆ ಬದಿಯಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಮಕ್ಕಳು ಟಾರಿನ ಮೇಲೆ ನಡೆಯುವುದು ತುಂಟತನಕ್ಕಲ್ಲ. ಇಷ್ಟು ವರ್ಷ ರಸ್ತೆ ಕೆಲಸ ಮಾಡಿಯೂ ಅದು ನನಗೆ ಹೊಳೆದಿರಲಿಲ್ಲ. ಅಲ್ಲಿಂದ ಮೇಲೆ ನಾನು ಬರೆಯುವ ಪ್ರತಿ ಎಸ್ಟಿಮೇಟಿನಲ್ಲಿ ಊರಿನ ಕೊನೆಯ ಮನೆಯಿಂದ ಶಾಲೆಯ ಗೇಟಿನ ತನಕ ಒಂದು ಬದಿಗೆ ಮುರುಂ ಹಾಕಿ ರೋಲರ್ ಹೊಡೆಯುವುದು ಮೊದಲ ಬಾಬತ್ತು. ಹಂಪ್ ಆಮೇಲೆ.

ಆ ಹುಡುಗಿಯ ಊರಿನದು ನಮ್ಮ ವಿಭಾಗದ್ದೇ ರಸ್ತೆ. ನವೆಂಬರ್‌ನಲ್ಲಿ ನಡಾವಳಿಗೆ ಸೇರಿತು, ಮರು ವರ್ಷ ಮುರುಂ ಬಿತ್ತು. ಹೋದ ಮಳೆಗಾಲದಲ್ಲಿ ಹೋಗಿ ನೋಡಿದೆ. ಎರಡು ಕಡೆ ಕುಸಿದು ನೀರು ನಿಂತಿದೆ, ಮಕ್ಕಳು ಅಷ್ಟು ದೂರ ಮಾತ್ರ ಟಾರಿಗೆ ಹತ್ತಿ ಮತ್ತೆ ಇಳಿಯುತ್ತಾರೆ. ಅದನ್ನು ತುಂಬಿಸಲು ಅರ್ಜಿ ಬರೆದಾಗಿದೆ. ಮುಖ್ಯಗುರುಗಳು ಕಿಲೋಮೀಟರ್ ಸಂಖ್ಯೆಯನ್ನು ನಾನು ಹೇಳುವ ಮೊದಲೇ ಬರೆದಿದ್ದರು.