ಜರ್ನಲ್‌ಗಳಲ್ಲಿ ‘ರಾಗಿ’ ಅಂತ ಹುಡುಕಿದರೆ ಯೀಸ್ಟ್ ಯಾಕೆ ಬರುತ್ತದೆ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ರಾಗಿ ಅಂಬಲಿ ಹುಳಿ ಬರುವುದರ ಬಗ್ಗೆ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿದೆ. ರಾಶಿ ರಾಶಿ ಬಂತು, ಅರ್ಧಕ್ಕರ್ಧ ಸಂಬಂಧವೇ ಇಲ್ಲದ್ದು. ಪಿಎಚ್‌ಡಿ ಮಾಡುವವರು ಹೇಗೆ ಹುಡುಕುತ್ತಾರೆ?

ಏನು ಟೈಪ್ ಮಾಡಿದಿರಿ ಅಂತ ಬರೆದಿಲ್ಲ. ಆದರೂ ಊಹಿಸುತ್ತೇನೆ: ‘ರಾಗಿ ಫರ್ಮೆಂಟೇಶನ್’, ಅಲ್ವಾ? ಎಡವಟ್ಟು ಅಲ್ಲೇ ಆಗಿರುವುದು. ಇಂಡೊನೇಷ್ಯಾ, ಮಲೇಷ್ಯಾ ಕಡೆ ರಾಗಿ ಅಂದರೆ ಯೀಸ್ಟ್. ಅನ್ನ, ಮರಗೆಣಸು ಹುಳಿ ಬರಿಸಲು ಹಾಕುವ ಹೆಪ್ಪಿಗೂ ಅದೇ ಹೆಸರು. ಅವರ ಲೇಖನಗಳೆಲ್ಲ ಬಂದು ನಿಮ್ಮ ಅಂಬಲಿ ಪಕ್ಕ ಕೂತಿವೆ.

ಕಂಪ್ಯೂಟರ್‌ಗೆ ನಿಮ್ಮ ವಿಷಯ ಗೊತ್ತಿಲ್ಲ, ಪದ ಮಾತ್ರ ಗೊತ್ತು. ಅದಕ್ಕೇ ಅನುಭವಸ್ಥರು ಹುಡುಕುವ ಮೊದಲು ಒಂದು ಹಾಳೆಯಲ್ಲಿ ಹೆಸರುಗಳನ್ನು ಬರೆದುಕೊಳ್ಳುತ್ತಾರೆ. ರಾಗಿಗೆ ಇಂಗ್ಲಿಷಿನಲ್ಲಿ ಫಿಂಗರ್ ಮಿಲೆಟ್, ಸಸ್ಯಶಾಸ್ತ್ರದಲ್ಲಿ ಎಲ್ಯೂಸಿನಿ ಕೊರಕಾನಾ, ಶ್ರೀಲಂಕಾದಲ್ಲಿ ಕುರಕ್ಕನ್. ನೇಪಾಳದಲ್ಲಿ ಕೋದೊ ಅನ್ನುತ್ತಾರೆ, ಆದರೆ ಭಾರತದ ಲೇಖನಗಳಲ್ಲಿ ಕೋದೊ ಅಂದರೆ ನಮ್ಮ ಹಾರಕ, ಹಾಗಾಗಿ ಅದನ್ನು ಸೇರಿಸಿದರೆ ಇನ್ನೊಂದು ಗೋಜಲು.

ಈ ಹೆಸರುಗಳ ನಡುವೆ ‘ಆರ್’ (ಇವುಗಳಲ್ಲಿ ಯಾವುದಿದ್ದರೂ ಸರಿ ಅಂತ) ಹಾಕಿ ಒಂದು ಕಂಸದೊಳಗೆ ಇಡಿ. ಎರಡು ಪದದ ಹೆಸರಿಗೆ ಉದ್ಧರಣ ಚಿಹ್ನೆ ಹಾಕಿ, ಇಲ್ಲದಿದ್ದರೆ ಫಿಂಗರ್ ಒಂದು ಕಡೆ, ಮಿಲೆಟ್ ಇನ್ನೊಂದು ಕಡೆ ಸಿಗುತ್ತದೆ. ಆಮೇಲೆ ‘ಆ್ಯಂಡ್’, ಅಂದರೆ ಎರಡೂ ಕಂಸದ ಪದಗಳು ಇರಲೇಬೇಕು ಅಂತ. ನಂತರದ ಕಂಸದಲ್ಲಿ ಹುಳಿ ಬರುವುದಕ್ಕೆ ಸಂಬಂಧಪಟ್ಟ ಪದಗಳು, ಅಂಬಲಿಯೂ ಇರಲಿ. ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಸಂಶೋಧನಾ ಲೇಖನಗಳ ಡೇಟಾಬೇಸ್‌ಗಳಲ್ಲಾದರೆ ‘ಫರ್ಮೆಂಟ್’ ಅಂತ ಬರೆದು ಕೊನೆಗೊಂದು ನಕ್ಷತ್ರ ಚಿಹ್ನೆ ಹಾಕಿದರೆ ಸಾಕು, ಫರ್ಮೆಂಟೆಡ್, ಫರ್ಮೆಂಟೇಶನ್ ಎಲ್ಲಾ ಬರುತ್ತದೆ.

ಯೀಸ್ಟ್ ಕಾಟ ತಪ್ಪಿಸಲು ‘ನಾಟ್ ಯೀಸ್ಟ್’ ಅಂತ ಹಾಕೋಣ ಅನಿಸಬಹುದು. ಬೇಡ. ಅಂಬಲಿ ಲೇಖನದಲ್ಲೂ ಯೀಸ್ಟ್ ಮಾತು ಬರುತ್ತದೆ, ಬೇಕಾದದ್ದೇ ಹೋಗಿಬಿಡುತ್ತದೆ. ಅದರ ಬದಲು ಬರೀ ‘ರಾಗಿ’ಯನ್ನೇ ಕೈಬಿಟ್ಟು ನೋಡಿ, ಉಳಿದ ಹೆಸರುಗಳು ಸಾಕಾಗಬಹುದು.

ಇನ್ನೊಂದು ಮಾತು. ಸ್ಕಾಲರ್ ಇಡೀ ಲೇಖನದೊಳಗೆ ಹುಡುಕುತ್ತದೆ, ಎಲ್ಲೋ ಒಂದು ಕಡೆ ರಾಗಿ ಅಂತ ಇದ್ದರೂ ತಂದು ಸುರಿಯುತ್ತದೆ. ಎಷ್ಟೇ ಲಕ್ಷ ಸಿಕ್ಕಿತು ಅಂದರೂ ತೋರಿಸುವುದು ಮೊದಲ 1000 ಮಾತ್ರ. ಸ್ಕೋಪಸ್‌ನಲ್ಲಿ ಶೀರ್ಷಿಕೆ, ಸಾರಾಂಶ, ಕೀವರ್ಡ್‌ಗಳಲ್ಲಿ ಮಾತ್ರ ಹುಡುಕು ಅಂತ ಹೇಳಬಹುದು. ಕಸ ಎಷ್ಟೋ ಕಡಿಮೆ. ಹಾಗಂತ ಸ್ಕಾಲರ್ ಬಿಡಬೇಡಿ. ಒಂದು ಒಳ್ಳೆಯ ಲೇಖನ ಸಿಕ್ಕಿದ ಮೇಲೆ ಅದರ ಕೆಳಗಿರುವ ‘ಸೈಟೆಡ್ ಬೈ’ ಒತ್ತಿ, ಅದನ್ನು ಉಲ್ಲೇಖಿಸಿದ ಹೊಸ ಲೇಖನಗಳು ಸಿಗುತ್ತವೆ. ಹಳೆಯವು ಆ ಲೇಖನದ ಕೊನೆಯ ಪಟ್ಟಿಯಲ್ಲೇ ಇರುತ್ತವೆ. ನನ್ನ ಪ್ರಕಾರ ಅರ್ಧ ಕೆಲಸ ಆಗುವುದೇ ಹೀಗೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿಗೆ ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಶೋಧಗಂಗಾ ಜಾಲತಾಣ ಇದೆ, ಅದು ಪುಕ್ಕಟೆ.

ಲೇಖನ ತೆರೆಯಲು ಹೋದರೆ ಡಾಲರ್ ಕೇಳುತ್ತದಾ? ಕಾರ್ಡ್ ತೆಗೆಯಬೇಡಿ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಕಾಲೇಜು ಅದರಲ್ಲಿದೆಯಾ ಅಂತ ಲೈಬ್ರರಿಯನ್‌ರನ್ನು ಕೇಳಿ. ಇಲ್ಲದಿದ್ದರೆ ಲೇಖಕರಿಗೇ ಎರಡು ಸಾಲಿನ ಇಮೇಲ್ ಹಾಕಿ, ಎಷ್ಟೋ ಜನ ಖುಷಿಯಿಂದ ಪಿಡಿಎಫ್ ಕಳಿಸುತ್ತಾರೆ.